ಆರಿದ ಕಾಫಿ, ಆರದ ಜಗಳ

ಕಾಫಿಯೋ ಚಹಾವೋ ಎಂದು ಜನರನ್ನು ಎರಡು ಪಂಗಡ ಮಾಡುವ ರೂಢಿಯಿದೆ. ನಾನು ಕಂಡಂತೆ ನಿಜವಾದ ಪಂಗಡಗಳು ಬೇರೆ: ಸುಡುಸುಡು ಕುಡಿಯುವವರು, ಆರಿಸಿಕೊಂಡು ಕುಡಿಯುವವರು. ಕಾಫಿಯವರೂ ಚಹಾದವರೂ ಒಂದೇ ಮನೆಯಲ್ಲಿ ಸುಖವಾಗಿ ಬಾಳಬಹುದು, ಒಲೆಯ ಮೇಲೆ ಎರಡು ಪಾತ್ರೆ ಇಟ್ಟರಾಯಿತು. ಬಿಸಿಯವರೂ ತಣ್ಣನೆಯವರೂ ಒಂದೇ ಮೇಜಿಗೆ ಕೂತರೆ ಮಾತ್ರ ಬೆಳಗ್ಗೆಯೇ ಮಾತು ಕೆಡುತ್ತದೆ. ನಾನು ಹುಟ್ಟಿದ್ದು ಮೊದಲ ಪಂಗಡದಲ್ಲಿ, ಸೇರಿದ್ದು ಎರಡನೆಯ ಪಂಗಡದ ಮನೆಗೆ, ಹೆತ್ತದ್ದು ಮೂರನೆಯ ಪಂಗಡದವಳನ್ನು. ಈ ಮೂರನೆಯವರು ಲೋಟಕ್ಕೆ ಐಸ್ ಹಾಕಿಕೊಳ್ಳುವವರು.

ಕೊಪ್ಪದ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಮುಖ್ಯ, ಕಾಫಿ ಪಕ್ಕದ ಗುಡ್ಡದಲ್ಲಿ ಒಂದಿಷ್ಟು. ಬಾಬಾ ಬುಡನ್ ತಂದ ಏಳು ಬೀಜದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಮತ್ತೆ ಹೇಳುವುದಿಲ್ಲ. ಅಡುಗೆಮನೆಯ ಒಲೆಯ ಬದಿಗೆ ಕಲಾಯಿ ಹಾಕಿಸಿದ ಒಂದು ಹಿತ್ತಾಳೆ ಪಾತ್ರೆ ಬೆಳಗಿನಿಂದ ಸಂಜೆಯವರೆಗೂ ಕೂತಿರುತ್ತಿತ್ತು. ಫಿಲ್ಟರ್ ಎಂಬ ವಸ್ತು ನಮ್ಮಲ್ಲಿರಲಿಲ್ಲ. ಕುದಿಯುವ ನೀರಿಗೆ ಬೆಲ್ಲ, ಬೆಲ್ಲ ಕರಗಿದ ಮೇಲೆ ಪುಡಿ, ಒಂದು ಉಕ್ಕು ಬರುವಷ್ಟರಲ್ಲಿ ಇಳಿಸಿ ಮುಚ್ಚಳ. ಚರಟ ತಳಕ್ಕೆ ಕೂತ ಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಸೋಸುವುದು. ಹಾಲಿದ್ದರೆ ಹಾಲು, ಇಲ್ಲದಿದ್ದರೆ ಕರಿಕಾಫಿ. ಹಾಲು ಹಾಕುವುದಾದರೂ ಕೆಳಗಿಳಿಸಿದ ಮೇಲೆಯೇ. ಬೆಲ್ಲ ಇರುವ ಪಾತ್ರೆಗೆ ಹಾಲು ಹೊಯ್ದು ಕುದಿಸಿದರೆ ಒಡೆದುಹೋಗುತ್ತದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿತ್ತು.

ಅಜ್ಜಯ್ಯನಿಗೆ ಕಾಫಿ ಕೊಡುವುದೆಂದರೆ ಪರೀಕ್ಷೆಗೆ ಕೂತ ಹಾಗೆ. ಲೋಟದ ಕಂಠ ಬಿಟ್ಟು ಬೇರೆಲ್ಲೂ ಬೆರಳಿಡಲು ಆಗಬಾರದು, ಅಷ್ಟು ಬಿಸಿ ಇರಬೇಕು. ಹೆಗಲ ಮೇಲಿನ ಬೈರಾಸಿನಲ್ಲಿ ಲೋಟ ಹಿಡಿದು, ತುಟಿಗೆ ತಾಗಿಸದೆ, ಮೇಲಿಂದ ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಅದು ಗಂಟಲಲ್ಲಿ ಹೇಗೆ ಇಳಿಯುತ್ತಿತ್ತೋ. ಕೊಂಚ ಆರಿದ್ದರೂ ಲೋಟವನ್ನು ಕೆಳಗಿಟ್ಟು ಅಜ್ಜಿಯನ್ನು ಕೇಳುತ್ತಿದ್ದರು: “ಇದೆಂತ ಮಾರಾಯ್ತಿ, ಕುಡಿಯೋಕೆ ಕೊಟ್ಟಿದ್ದಾ, ಕೈ ತೊಳೆಯೋಕೆ ಕೊಟ್ಟಿದ್ದಾ?” ಅಜ್ಜಿ ಉತ್ತರ ಕೊಡುತ್ತಿರಲಿಲ್ಲ. ಲೋಟ ತೆಗೆದುಕೊಂಡು ಹೋಗಿ ಒಲೆಯ ಕೆಂಡದ ಮೇಲಿಟ್ಟು, ಅದು ಕೊತಕೊತ ಎನ್ನುವವರೆಗೆ ಕಾಯಿಸಿ, ಅದೇ ಮೌನದಲ್ಲಿ ತಂದಿಡುತ್ತಿದ್ದರು. ಅಜ್ಜಯ್ಯ ಅದನ್ನೂ ಕುಡಿಯುತ್ತಿದ್ದರು. ಅಜ್ಜಿ ಮಾತ್ರ ಎಲ್ಲರದ್ದೂ ಆದ ಮೇಲೆ, ಪಾತ್ರೆಯಲ್ಲಿ ಉಳಿದದ್ದನ್ನು ಆರಿದ ಹಾಗೆಯೇ ಕುಡಿಯುತ್ತಿದ್ದರು. ಅವರಿಗೆ ಬಿಸಿ ಇಷ್ಟವೋ ತಣ್ಣಗಿದ್ದರೆ ಇಷ್ಟವೋ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಕಾಫಿ ಬೆಳೆಯುವವರ ಮನೆಯಲ್ಲಿ ಒಳ್ಳೆಯ ಕಾಫಿ ಕುಡಿಯುತ್ತಾರೆ ಎಂದು ಬಯಲುಸೀಮೆಯವರು ನಂಬಿಕೊಂಡಿರುತ್ತಾರೆ. ನಮ್ಮ ಕಾಲದಲ್ಲಿ ಹಾಗಿರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು. ಮನೆಬಳಕೆಗೆ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು, ಹೊರಗೆ ಮಾರುವಂತಿರಲಿಲ್ಲ. ದುಡ್ಡು ಕಂತುಕಂತಾಗಿ ಬರುತ್ತಿತ್ತು, ಒಂದು ವರ್ಷದ ಬೆಳೆಯ ಕೊನೆಯ ಕಂತು ಮುಂದಿನ ಬೆಳೆಯ ಹೊತ್ತಿಗೆ. ಹೀಗಿರುವಾಗ ದರ ಸಿಗುವ ಒಳ್ಳೆಯ ಬೀಜವನ್ನು ಮನೆಯ ಡಬ್ಬಕ್ಕೆ ಯಾರು ಹಾಕಿಕೊಳ್ಳುತ್ತಾರೆ? ನಮಗೆ ಉಳಿಯುತ್ತಿದ್ದುದು ನೆಲಕ್ಕುದುರಿ ಹೆಕ್ಕಿದ್ದು, ಒಡಕು, ಕಪ್ಪುಬೀಜ. ಅದನ್ನೇ ಬಾಣಲೆಯಲ್ಲಿ ಕಪ್ಪಗೆ ಹುರಿದು, ಕೈಗಿರಣಿಯಲ್ಲಿ ಬೀಸಿ, ಬೆಲ್ಲ ಮುಂದೆ ಮಾಡಿ ಕುಡಿಯುತ್ತಿದ್ದೆವು. ಪೂಲಿನ ಬಿಗಿ 1990ರ ದಶಕದ ಆರಂಭದಿಂದ ಸಡಿಲವಾಗುತ್ತ 1996ರಲ್ಲಿ ಪೂರ್ತಿ ಹೋಯಿತು. ಅಷ್ಟರಲ್ಲಿ ಅಜ್ಜಯ್ಯ ಇರಲಿಲ್ಲ.

ಈಗ ಯೋಚಿಸಿದರೆ ಅವರ ಬಿಸಿಯ ಹಟಕ್ಕೆ ಒಂದು ಕಾರಣ ಕಾಣುತ್ತದೆ. ನಾಲಿಗೆ ಸುಡುವಷ್ಟು ಬಿಸಿ ಇದ್ದಾಗ ಬೀಜದ ದೋಷ ಬಾಯಿಗೆ ಸಿಗುವುದಿಲ್ಲ. ಹೊಗೆ, ಪರಿಮಳ, ಬೆಲ್ಲದ ಸಿಹಿ ಇಷ್ಟೇ ಸಿಗುತ್ತದೆ. ಆರತೊಡಗಿದಾಗ ಒಡಕು ಬೀಜದ ಮಣ್ಣುವಾಸನೆ, ಕರಕಲಿನ ಕಹಿ ಒಂದೊಂದಾಗಿ ಮೇಲೆ ಬರುತ್ತವೆ. ಬಹಳ ವರ್ಷಗಳ ಮೇಲೆ, ಬ್ಯಾಂಕಿನ ಕೆಲಸದಲ್ಲಿದ್ದಾಗ, ಕಾಫಿಯ ರುಚಿ ನೋಡಿ ದರ್ಜೆ ಹೇಳುವವರ ಕೆಲಸವನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತ್ತು. ಸಾಲಾಗಿ ಬಟ್ಟಲಿಟ್ಟು, ಪುಡಿಯ ಮೇಲೆ ಬಿಸಿನೀರು ಹೊಯ್ದು, ಮೇಲೆ ಕಟ್ಟಿದ ನೊರೆಯನ್ನು ಚಮಚದಿಂದ ಒಡೆದು ಮೂಸುತ್ತಾರೆ. ಆಮೇಲೆ ಸೊರ್ರೆಂದು ಹೀರಿ ಉಗಿಯುತ್ತಾರೆ. ನನಗೆ ಅಚ್ಚರಿಯಾದದ್ದು ಅವರು ಒಂದು ಸಲ ನೋಡಿ ಬಿಡುವುದಿಲ್ಲ ಎಂಬುದು. ಬಟ್ಟಲು ಆರುತ್ತ ಹೋದಂತೆ ಮತ್ತೆ ಮತ್ತೆ ಬಂದು ನೋಡುತ್ತಾರೆ, ಪೂರ್ತಿ ತಣ್ಣಗಾದ ಮೇಲೂ. ಅವರ ತೀರ್ಪಿನಲ್ಲಿ ತಣ್ಣಗಾದಾಗಿನ ರುಚಿಗೂ ಲೆಕ್ಕವುಂಟು. ಅಜ್ಜಯ್ಯ ಕೇಳಿದ್ದರೆ ಅವರಿಗೆಲ್ಲ ಬೇರೆ ಕೆಲಸವಿಲ್ಲ ಎನ್ನುತ್ತಿದ್ದರು.

ತೋಟದ ಕೆಲಸದವರಿಗೆ ಹತ್ತು ಗಂಟೆಯ ಕಾಫಿ ಒಯ್ಯುವುದು ರಜೆಯಲ್ಲಿ ನಮ್ಮ ಪಾಲಿಗೆ ಬರುತ್ತಿತ್ತು. ಗುಡ್ಡ ಹತ್ತಿ, ಸಂಕ ದಾಟಿ, ಇಂಬಳ ಬಿಡಿಸಿಕೊಂಡು ಹೋಗುವಷ್ಟರಲ್ಲಿ ಅದು ತಣ್ಣಗಾಗಿರುತ್ತಿತ್ತು. ಅವರು ತರಗೆಲೆಗೆ ಬೆಂಕಿ ಹಾಕಿ ಬಿಸಿ ಮಾಡಿಕೊಳ್ಳುವ ಮೊದಲೇ ನಾವು ಕ್ಯಾನಿನ ಮುಚ್ಚಳದಲ್ಲಿ ಒಂದೆರಡು ಗುಟುಕು ಕದ್ದು ಕುಡಿಯುತ್ತಿದ್ದೆವು. ಬೆಲ್ಲ, ಕಹಿ, ತಗಡಿನ ವಾಸನೆ. ಚೆನ್ನಾಗಿಯೇ ಇತ್ತು.

ಓದಲು ಬೆಂಗಳೂರಿಗೆ ಬಂದಾಗ ಉಳಿದದ್ದು ಬಸವನಗುಡಿಯ ದೊಡ್ಡಮ್ಮನ ಮನೆಯಲ್ಲಿ. ಫಿಲ್ಟರ್ ಕಾಫಿಯ ಸಂಸ್ಕಾರ ನನಗಾದದ್ದು ಅಲ್ಲಿ. ವಾರಕ್ಕೊಮ್ಮೆ ಗಾಂಧಿ ಬಜಾರಿನ ಪುಡಿಯಂಗಡಿಗೆ ಹೋಗಿ ನಿಂತು, “ಅರ್ಧ ಪೀಬೆರಿ, ಅರ್ಧ ಪ್ಲಾಂಟೇಷನ್ ಎ, ನೂರಕ್ಕೆ ಇಪ್ಪತ್ತು ಚಿಕೋರಿ” ಎಂದು ಹೇಳಬೇಕು, ಕಣ್ಣೆದುರಿಗೇ ಬೀಸಿ ಕೊಟ್ಟದ್ದನ್ನು ಬಿಸಿಬಿಸಿಯಾಗಿ ಎದೆಗವಚಿಕೊಂಡು ತರಬೇಕು. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಉಂಡೆಯಾಗಿ ಬೆಳೆದದ್ದು ಪೀಬೆರಿ. ಅದು ಹೆಚ್ಚು ರುಚಿ ಎಂಬುದು ದೊಡ್ಡಮ್ಮನ ನಂಬಿಕೆ, ನಾನು ಈಗಲೂ ಪೂರ್ತಿ ಒಪ್ಪಿಲ್ಲ. ಚಿಕೋರಿಯ ಹೆಸರೆತ್ತಿದರೆ ನಮ್ಮ ಊರಲ್ಲಿ ಮೂಗು ಮುರಿಯುತ್ತಿದ್ದರು. ಹುರಿದು ಪುಡಿ ಮಾಡಿದ ಒಂದು ಬೇರು ಅದು, ಕೆಫೀನ್ ಇಲ್ಲ, ಕಾಫಿಯ ಪರಿಮಳವೂ ಇಲ್ಲ. ಆದರೆ ಡಿಕಾಕ್ಷನ್ನಿಗೆ ಮೈ ತುಂಬುವುದು ಅದೇ. ಹಾಲು ಹೊಯ್ದರೂ ಬಣ್ಣ ಬಿಟ್ಟುಕೊಡದೆ ನಿಲ್ಲುವ ಕಾಫಿಗೆ ಇಪ್ಪತ್ತರಷ್ಟು ಬೇಕು, ಮೂವತ್ತಾದರೆ ಮೋಸ. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಕಾಫಿ-ಚಿಕೋರಿ 53:47 ಎಂದು ಬರೆದಿರುವುದನ್ನು ಓದದೆ ಕೊಳ್ಳುವವರು ಕಾಫಿಯ ವಿಷಯದಲ್ಲಿ ಅಭಿಪ್ರಾಯ ಹೇಳಬಾರದು ಎಂಬುದು ನನ್ನ ಕಟ್ಟಳೆ.

ದೊಡ್ಡಮ್ಮನ ಕಾಫಿಯೂ ಬಿಸಿಯೇ, ಆದರೆ ಅಜ್ಜಯ್ಯನ ಬಿಸಿಯಲ್ಲ. ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಎತ್ತಿ ಹೊಯ್ದು, ಸಕ್ಕರೆ ಕರಗಿ, ನೊರೆಯೆದ್ದು, ಬಾಯಿಗೆ ಹಿತವಾಗುವ ಹದಕ್ಕೆ ತರುತ್ತಿದ್ದರು. ಎಷ್ಟು ಸಲ ಎತ್ತಿ ಹೊಯ್ಯಬೇಕು ಎಂಬುದು ಮನೆಯ ಒಬ್ಬೊಬ್ಬರಿಗೂ ಬೇರೆ, ಅದು ಅವರ ಕೈಗೆ ಗೊತ್ತಿತ್ತು. ಇದೊಂದು ಶಾಸ್ತ್ರವೇ ಎಂದು ಆಗ ಅನ್ನಿಸಿರಲಿಲ್ಲ.

ಅದೇ ದಿನಗಳಲ್ಲಿ ಗೆಳತಿಯರ ಜೊತೆ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸಿಗೆ ಹೋಗಿ ಮೊದಲ ಸಲ ಕೋಲ್ಡ್ ಕಾಫಿ ಕುಡಿದೆ. ಬಿಳಿ ಸಮವಸ್ತ್ರ, ಗರಿಯೆದ್ದ ಪೇಟ, ಸೊಂಟಕ್ಕೆ ಅಗಲದ ಪಟ್ಟಿ ಕಟ್ಟಿದವರು ಗಾಜಿನ ಎತ್ತರದ ಲೋಟ ತಂದಿಟ್ಟರೆ ಪೆಡಸಾಗಿ ಕೂತುಕೊಳ್ಳಬೇಕು ಅನ್ನಿಸುತ್ತಿತ್ತು. 1950ರ ದಶಕದಲ್ಲಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ಅವನ್ನು ಉಳಿಸಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಅದೆಲ್ಲ ತಿಳಿದದ್ದು ಆಮೇಲೆ. ಅಂದು ನನಗೆ ಗೊತ್ತಾದದ್ದು ಇಷ್ಟು: ಲೋಟದಲ್ಲಿದ್ದದ್ದು ಕಾಫಿಯ ಬಣ್ಣದ ಸಿಹಿ ಹಾಲು. ರುಚಿಯಾಗಿತ್ತು, ಕಾಫಿಯಾಗಿರಲಿಲ್ಲ. ಕಾಫಿಗಿಂತ ಕಾಫಿ ಹೌಸಿನ ಹರಟೆ ಮುಖ್ಯವಾಗಿದ್ದವರಿಗೆ ಅದೇನೂ ಕೊರತೆಯಲ್ಲ. ಬಿಸಿ ಕಾಫಿ ಆರುವುದರೊಳಗೆ ಮುಗಿಸಬೇಕು, ತಣ್ಣನೆಯದಕ್ಕೆ ಆ ಅವಸರವಿಲ್ಲ. 2009ರಲ್ಲಿ ಆ ಜಾಗ ಬಿಟ್ಟು ಕಾಫಿ ಹೌಸು ಚರ್ಚ್ ಸ್ಟ್ರೀಟಿಗೆ ಹೋಯಿತು. ಪೇಟದವರು ಅಲ್ಲಿಯೂ ಇದ್ದಾರೆ.

ಬ್ಯಾಂಕಿನ ಕೆಲಸ ಸಿಕ್ಕಿ ಮೊದಲು ಹೋದದ್ದು ಗುಲ್ಬರ್ಗಕ್ಕೆ, ಆಗ ಹೆಸರು ಇನ್ನೂ ಕಲಬುರಗಿ ಆಗಿರಲಿಲ್ಲ. ನಾನು ಹೋಗಿ ಇಳಿದದ್ದು ಏಪ್ರಿಲ್ ಕೊನೆಗೆ. ಮಲೆನಾಡಿನವರಿಗೆ ಆ ಬಿಸಿಲನ್ನು ಹೇಳಿ ತಿಳಿಸಲಾಗದು. 40 ಡಿಗ್ರಿ ದಾಟಿದ ಮಧ್ಯಾಹ್ನ, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುವಾಗ, ಮೂರು ಗಂಟೆಗೆ ತಂತಿಯ ಸ್ಟ್ಯಾಂಡಿನಲ್ಲಿ ಕುದಿಯುವ ಚಹಾ ಬಂತು. ನಾನು ಕಾಫಿ ಸಿಗುತ್ತದೆಯೇ ಎಂದು ಕೇಳಿದೆ. ಪಕ್ಕದ ಮೇಜಿನ ಹಿರಿಯ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. “ಸಿಗತದ್ರಿ ಮೇಡಂ, ಆದ್ರ ಕುಡಿಯಂಗ ಇರಂಗಿಲ್ಲ. ಚಾ ಕುಡೀರಿ.” ಈ ಬಿಸಿಲಲ್ಲಿ ಇಷ್ಟು ಬಿಸಿ ಹೇಗೆ ಕುಡಿಯುವುದು ಎಂದದ್ದಕ್ಕೆ ಅವರ ಉತ್ತರ ತಯಾರಿತ್ತು: “ಬಿಸಲಾಗೇ ಬಿಸಿ ಚಾ ಕುಡೀಬೇಕ್ರಿ. ಬೆವರು ಬರ್ತದ, ಗಾಳಿ ಬಡೀತದ, ಮೈ ತಂಪಾಗ್ತದ.”

ಹಳಬರ ಸಮಾಧಾನದ ಮಾತು ಎಂದುಕೊಂಡಿದ್ದೆ. ಅದು ಬರೀ ಸಮಾಧಾನವಲ್ಲ ಎಂದು ತಿಳಿಯಲು ಕಾಲ ಹಿಡಿಯಿತು. ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದವರು ಸೈಕಲ್ ತುಳಿಯುವವರಿಗೆ ಬಿಸಿನೀರು, ತಣ್ಣೀರು ಕುಡಿಸಿ ಅಳೆದು ನೋಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಬಿಸಿ ಕುಡಿದವರಿಗೆ ಬೆವರು ಹೆಚ್ಚು ಬರುತ್ತದೆ. ಆ ಬೆವರೆಲ್ಲ ಆವಿಯಾಗಿ ಹೋಗುವಂತಿದ್ದರೆ, ಕುಡಿದ ಬಿಸಿಗಿಂತ ಹೆಚ್ಚು ಶಾಖ ಮೈಯಿಂದ ಹೊರಟುಹೋಗುತ್ತದೆ. ಬೆವರು ಆರದೆ ಮೈಯ ಮೇಲೆ ಇಳಿಯುವ ಕಡೆ ಈ ಲಾಭವಿಲ್ಲ. ಅಂದರೆ ಒಣಬಿಸಿಲಿನ ಕಲಬುರಗಿಯಲ್ಲಿ ಗುಮಾಸ್ತರು ಹೇಳಿದ್ದು ಸರಿ. ಮುಂದೆ ಮಂಗಳೂರಿಗೆ ವರ್ಗವಾದಾಗ ಅದೇ ಧೈರ್ಯದಲ್ಲಿ ಮೇ ತಿಂಗಳ ಮಧ್ಯಾಹ್ನ ಬಿಸಿ ಚಹಾ ಕುಡಿದು, ಸೀರೆ ಬೆನ್ನಿಗಂಟಿ, ಅದು ಅಲ್ಲಿಗೆ ಹೇಳಿದ ಮಾತಲ್ಲ ಎಂದು ಅರ್ಥವಾಯಿತು. ಮಂಗಳೂರಿನ ಸೆಕೆಗೆ ಬೊಂಡವೇ, ಅಂದರೆ ಎಳನೀರೇ, ಸರಿ.

ಕಲಬುರಗಿಯ ಚಹಾ ನನ್ನನ್ನು ಬದಲಿಸಿತು ಎಂದೇ ಹೇಳಬೇಕು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಚಹಾ ಎಂದರೆ ಜ್ವರ ಬಂದವರಿಗೆ ಕೊಡುವುದು. ಅಲ್ಲಿ ಬೆಳಗ್ಗೆ ಮುಖ ತೊಳೆದ ಕೂಡಲೇ ಚಾ, ಅಂಗಡಿಗೆ ಹೋದರೆ ಚಾ, ಸಾಲ ವಸೂಲಿಗೆ ಹೋದರೂ ಚಾ. ಕೊಡಬೇಕಾದ ಕಂತು ಕೊಡದವರೂ ಚಹಾ ಕೊಡದೆ ಕಳಿಸುತ್ತಿರಲಿಲ್ಲ. ಹಾಲು, ನೀರು, ಸಕ್ಕರೆ, ಚಾಪುಡಿ, ಜಜ್ಜಿದ ಅಲ್ಲ ಎಲ್ಲವನ್ನೂ ಒಟ್ಟಿಗೆ ಹಾಕಿ, ಉಕ್ಕಿ ಬಂದದ್ದನ್ನು ಸೌಟಿನಲ್ಲಿ ಎತ್ತಿ ಇಳಿಸಿ, ಮತ್ತೆ ಉಕ್ಕಿಸಿ ಕುದಿಸುವುದು. ಡಾರ್ಜಿಲಿಂಗಿನ ಎಲೆಗೆ ಹೀಗೆ ಮಾಡಿದರೆ ಪಾಪ ಸುತ್ತಿಕೊಳ್ಳುತ್ತದೆ. ಆದರೆ ನಮ್ಮ ಅಂಗಡಿಗಳ ಸಿಟಿಸಿ ಪುಡಿ ಹುಟ್ಟಿದ್ದೇ ಈ ಕುದಿತಕ್ಕೆ. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಹಿಸುಕಿ, ಹರಿದು, ಸುರುಳಿ ಮಾಡಿ ಕಾಳಾಗಿಸಿದ ಆ ಪುಡಿ ಬೇಗ ಬಣ್ಣ ಬಿಡುತ್ತದೆ, ಹಾಲಿಗೆ ಹೆದರುವುದಿಲ್ಲ. ಊರು ನಿಜಾಮರ ಹೈದರಾಬಾದಿಗೆ ಸೇರಿದ್ದರ ಗುರುತು ಚಹಾದಲ್ಲೂ ಇತ್ತು. ಕೆಲವು ಅಂಗಡಿಗಳಲ್ಲಿ ಹಾಲನ್ನು ಬೇರೆ ಗಟ್ಟಿ ಕಾಯಿಸಿ, ಡಿಕಾಕ್ಷನ್ ಬೇರೆ ಇಟ್ಟು, ಕಡೆಗೆ ಸೇರಿಸಿ ಕೊಡುತ್ತಿದ್ದರು. ಅದರ ಜೊತೆ ಉಪ್ಪು-ಸಿಹಿಯ ಉಸ್ಮಾನಿಯಾ ಬಿಸ್ಕತ್ತು ಅದ್ದಿ ತಿನ್ನುವುದನ್ನು ಕಲಿತ ಮೇಲೆ ನನಗೆ ವರ್ಗಾವಣೆ ಬೇಡವೆನ್ನಿಸತೊಡಗಿತ್ತು.

ಮತ್ತು ಬಸಿ. ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡು ಸೊರಸೊರ ಕುಡಿಯುವುದು ಬೆಂಗಳೂರಿನವರಿಗೆ ನಗೆಪಾಟಲು. ಕಲಬುರಗಿಯಲ್ಲಿ ಮನೆಯ ಯಜಮಾನರು ಕಪ್ಪು ತಾವಿಟ್ಟುಕೊಂಡು ಬಸಿ ನಿಮಗೆ ಕೊಟ್ಟರೆ ಅದು ಸಲುಗೆ. ದೊಡ್ಡಮ್ಮ ಎತ್ತರದಿಂದ ಹೊಯ್ದು ಮಾಡುತ್ತಿದ್ದ ಕೆಲಸವನ್ನೇ ಬಸಿ ತನ್ನ ಅಗಲದಿಂದ ಮಾಡುತ್ತದೆ, ಕುದಿಯನ್ನು ಕುಡಿಯುವ ಹದಕ್ಕೆ ತರುತ್ತದೆ. ಪಾತ್ರೆಯಲ್ಲಿ ಕುದಿಯಬೇಕು, ಬಾಯಿಗೆ ಬರುವಾಗ ಹದವಾಗಿರಬೇಕು. ಕೃಷ್ಣೆಯ ಆಚೆಯವರೂ ಕಾವೇರಿಯ ಈಚೆಯವರೂ ಈ ವಿಷಯದಲ್ಲಿ ಒಂದೇ ಬುದ್ಧಿಯವರು.

ಈ ಹದದ ಮಾತನ್ನು ನಮ್ಮ ಮನೆಯವರು ಒಪ್ಪುವುದಿಲ್ಲ. ಮೈಸೂರಿನವರು, ಮೇಷ್ಟರಾಗಿದ್ದವರು. ಕಾಫಿ ತಂದಿಟ್ಟರೆ ಪತ್ರಿಕೆಯ ಮೊದಲ ಪುಟ ಮುಗಿಯುವವರೆಗೆ ಮುಟ್ಟುವುದಿಲ್ಲ. ಮೇಲೆ ಕೆನೆ ಕಟ್ಟಿ, ಸುಕ್ಕುಗಟ್ಟಿ, ಲೋಟದ ಅಂಚಿಗೆ ಅಂಟಿಕೊಂಡ ಮೇಲೆ ಅದನ್ನು ಬೆರಳಲ್ಲಿ ತೆಗೆದು ಬದಿಗಿಟ್ಟು, ಉಳಿದದ್ದನ್ನು ನೀರಿನ ಹಾಗೆ ಗಟಗಟ ಕುಡಿಯುತ್ತಾರೆ. ಮದುವೆಯಾದ ಹೊಸತರಲ್ಲಿ ನನಗಿದು ಕಾಫಿಗೆ ಮಾಡಿದ ಅವಮಾನವಾಗಿ ಕಾಣುತ್ತಿತ್ತು. ಬಿಸಿ ಬಿಸಿ ಮಾಡಿ ತಂದವಳಿಗೆ ಮಾಡಿದ್ದು ಎಂದೂ ಅನ್ನಿ. ಅವರ ವಾದ ಒಂದೇ: “ಬಾಯಿ ಸುಟ್ಕೊಂಡ್ರೆ ಆಮೇಲೆ ತಿಂಡಿ ರುಚಿ ಹೇಗೆ ಗೊತ್ತಾಗತ್ತೆ?”

2016ರಲ್ಲಿ ಅವರಿಗೊಂದು ಅಸ್ತ್ರ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಆ ವರ್ಷದ ಜೂನ್‌ನಲ್ಲಿ ಎರಡು ಮಾತು ಹೇಳಿತು. ಕಾಫಿಯನ್ನು ಕ್ಯಾನ್ಸರಿನ ಸಂಶಯದ ಪಟ್ಟಿಯಿಂದ ಕೈಬಿಟ್ಟಿತು, ಮತ್ತು 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವ ಪಾನೀಯವೇ ಆಗಲಿ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದಿತು. ಮೊದಲ ಮಾತನ್ನು ಬಿಟ್ಟು ಎರಡನೆಯದನ್ನು ಮಾತ್ರ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. “ನೋಡೇ, ಇನ್ಮೇಲೆ ನಾನು ಹೇಳ್ತಿರೋದಲ್ಲ.” ಅಜ್ಜಯ್ಯ ತೊಂಬತ್ತರ ಹತ್ತಿರ ಬದುಕಿದ್ದರು ಎಂದು ನಾನಂದೆ. ಒಬ್ಬರ ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಮೇಷ್ಟರ ಧಾಟಿಯಲ್ಲಿ ಪಾಠ ಮಾಡಿದರು. ಅದು ನಿಜವೇ. ಆದರೆ 65 ಡಿಗ್ರಿಗೆ ಇಳಿಸಲು ಮೊದಲ ಪುಟ ಓದಿ ಮುಗಿಸಬೇಕಿಲ್ಲ, ಎರಡು ಸಲ ಎತ್ತಿ ಹೊಯ್ದರೆ ಸಾಕು ಎಂದು ನಾನು ಅಡುಗೆಯ ಥರ್ಮಾಮೀಟರು ತರಿಸಿ ತೋರಿಸಿದೆ. ಅದನ್ನು ಅವರು ಬಾಗಿಲಿಗೆ ಅಂಟಿಸಲಿಲ್ಲ.

ಮಗಳು ಇರುವುದು ಅಮೆರಿಕದ ನಾರ್ತ್ ಕೆರೊಲಿನಾದ ರಾಲಿ ಊರಿನಲ್ಲಿ. ಮೊದಲ ಸಲ ಹೋದಾಗ ಹೋಟೆಲೊಂದರಲ್ಲಿ ಚಹಾ ಬೇಕೆಂದೆ. ಬಡಿಸುವಾಕೆ ಕೇಳಿದ್ದು ಒಂದೇ ಪ್ರಶ್ನೆ: ಸ್ವೀಟಾ, ಅನ್‌ಸ್ವೀಟಾ? ಸಕ್ಕರೆ ಇರಲಿ ಎಂದು ಸ್ವೀಟ್ ಎಂದೆ. ಬಂದದ್ದು ನನ್ನ ಮೊಣಕೈ ಎತ್ತರದ ಲೋಟ, ಕಂಠದವರೆಗೆ ಐಸು, ಅದರ ಸಂದಿಯಲ್ಲಿ ಜೇನುಬಣ್ಣದ ಚಹಾ. ಆ ಕಡೆಯ ರಾಜ್ಯಗಳಲ್ಲಿ ಬರೀ ಚಹಾ ಎಂದರೆ ತಣ್ಣನೆಯ ಚಹಾ, ಬಿಸಿ ಬೇಕಾದವರು ಬಿಡಿಸಿ ಹೇಳಬೇಕು. ಸಿಹಿಯೋ, ಹಲ್ಲು ಜುಮ್ಮೆನ್ನುವಷ್ಟು. ಅಷ್ಟು ಸಕ್ಕರೆ ಯಾಕೆ ಎಂದು ಮಗಳನ್ನು ಕೇಳಿದ್ದಕ್ಕೆ, ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಅದಕ್ಕೇ ಹೆಚ್ಚು ಹಾಕುತ್ತಾರೆ ಎಂದಳು. ಐಸ್‌ಕ್ರೀಮ್ ಕರಗಿದ ಮೇಲೆ ಕುಡಿದು ನೋಡಿದವರಿಗೆ ಇದು ಗೊತ್ತು. ಸಕ್ಕರೆಯನ್ನು ಬಿಸಿ ಡಿಕಾಕ್ಷನ್ನಿನಲ್ಲೇ ಕರಗಿಸಿ ಆಮೇಲೆ ತಣ್ಣಗೆ ಮಾಡುತ್ತಾರೆ, ಐಸಿನ ಲೋಟಕ್ಕೆ ಮೇಲಿಂದ ಸುರಿದರೆ ತಳದಲ್ಲೇ ಕೂತುಬಿಡುತ್ತದೆ.

ಈ ತಣ್ಣನೆಯ ಚಹಾದ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. 1904ರಲ್ಲಿ ಸೇಂಟ್ ಲೂಯಿಯಲ್ಲಿ ನಡೆದ ಜಗತ್ತಿನ ಮೇಳದಲ್ಲಿ ಭಾರತದ ಚಹಾ ಬೆಳೆಗಾರರ ಪರವಾಗಿ ಪ್ರಚಾರ ಮಾಡಲು ರಿಚರ್ಡ್ ಬ್ಲೆಚಿಂಡನ್ ಎಂಬವರು ಹೋಗಿದ್ದರು. ಬೇಸಿಗೆಯ ಧಗೆಯಲ್ಲಿ ಬಿಸಿ ಚಹಾ ಯಾರೂ ಮುಟ್ಟದಿದ್ದಾಗ ಅದನ್ನೇ ಐಸಿನಲ್ಲಿ ತಣ್ಣಗೆ ಮಾಡಿ ಕೊಟ್ಟರು, ಜನ ಮುಗಿಬಿದ್ದರು, ಐಸ್ ಟೀ ಹುಟ್ಟಿತು ಎಂದು ಹೇಳುತ್ತಾರೆ. ಹುಟ್ಟಿತು ಎನ್ನುವುದು ಉತ್ಪ್ರೇಕ್ಷೆ. 1879ರಲ್ಲಿ ಅಚ್ಚಾದ ವರ್ಜೀನಿಯಾದ ಅಡುಗೆ ಪುಸ್ತಕವೊಂದರಲ್ಲೇ ಅದನ್ನು ಮಾಡುವ ಕ್ರಮವಿದೆ. ಆದರೂ ಆ ಮೇಳ ಅದನ್ನು ಮನೆಮನೆಗೆ ತಲುಪಿಸಿದ್ದು ಹೌದು. ಬ್ಲೆಚಿಂಡನ್ ಕಲಬುರಗಿಯ ನಮ್ಮ ಗುಮಾಸ್ತರನ್ನು ಕೇಳಿದ್ದರೆ ಬಿಸಿಯದೇ ಕೊಡಿ ಎನ್ನುತ್ತಿದ್ದರು, ಆಗ ಅಮೆರಿಕನ್ನರು ಏನು ಕುಡಿಯುತ್ತಿದ್ದರೋ.

ಸಕ್ಕರೆಯನ್ನು ಬದಿಗಿಟ್ಟರೆ ತಣ್ಣನೆಯ ಚಹಾ ನನಗೆ ಹಿಡಿಸಿತು. ಮಗಳ ಮನೆಯಲ್ಲಿ ಹಾಲಿಲ್ಲದೆ ತೆಳ್ಳಗೆ ಮಾಡಿ, ನಿಂಬೆ ಹಿಂಡಿ, ಸಕ್ಕರೆ ಕಾಲುಭಾಗಕ್ಕಿಳಿಸಿ ಕುಡಿಯತೊಡಗಿದೆ. ನಿಂಬೆ ಬಿದ್ದ ಕೂಡಲೇ ಕೆಂಪು ತಿಳಿಯಾಗಿ ಹೊನ್ನಿನ ಬಣ್ಣಕ್ಕೆ ತಿರುಗುವುದನ್ನು ನೋಡುವುದೇ ಚೆಂದ. ಗಟ್ಟಿಯಾಗಿ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಮಾತ್ರ ಕದಡಿ ಮಂಕಾಗುತ್ತದೆ. ಕೆಟ್ಟಿತೆಂದು ಚೆಲ್ಲಬೇಡಿ, ಚಹಾದ ಒಗರಿನ ಅಂಶವೂ ಕೆಫೀನೂ ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಹಾಗೆ ಕಾಣುತ್ತವೆ, ಸ್ವಲ್ಪ ಬಿಸಿನೀರು ಬೆರೆಸಿದರೆ ತಿಳಿಯಾಗುತ್ತದೆ.

ಕಾಫಿಯ ವಿಷಯದಲ್ಲಿ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅಲ್ಲಿ ಜನವರಿಯ ಚಳಿಯಲ್ಲೂ ಕೋಟು ಹಾಕಿಕೊಂಡು ಕೈಯಲ್ಲಿ ಐಸು ಗಲಗಲಿಸುವ ಕಾಫಿ ಹಿಡಿದು ನಡೆಯುವವರನ್ನು ಕಂಡು ನಮ್ಮ ಮನೆಯವರು “ನನಗಿಂತ ಮುಂದೆ ಹೋದವರಿದ್ದಾರೆ” ಎಂದು ಸಂತೋಷಪಟ್ಟರು. ಮಗಳು ಮನೆಯಲ್ಲಿ ಕೋಲ್ಡ್ ಬ್ರೂ ಮಾಡುತ್ತಾಳೆ. ತರಿತರಿಯಾಗಿ ಬೀಸಿದ ಪುಡಿಯನ್ನು ಗಾಜಿನ ಜಾಡಿಯಲ್ಲಿ ತಣ್ಣೀರಿಗೆ ಹಾಕಿ, ರಾತ್ರಿಯಿಡೀ, ಕೆಲವೊಮ್ಮೆ ಮರುದಿನ ಮಧ್ಯಾಹ್ನದವರೆಗೂ ಬಿಟ್ಟು ಸೋಸುತ್ತಾಳೆ. ಒಲೆಯ ಸುದ್ದಿಯೇ ಇಲ್ಲ. ಬಿಸಿನೀರು ಎಳೆದು ತರುವ ಹುಳಿ, ಕಹಿಯ ಎಷ್ಟೋ ಅಂಶಗಳನ್ನು ತಣ್ಣೀರು ಮುಟ್ಟುವುದಿಲ್ಲ, ಹಾಗಾಗಿ ರುಚಿ ಮೆತ್ತಗಿರುತ್ತದೆ. ಪರಿಮಳವೂ ಅಷ್ಟೇ ಮೆತ್ತಗೆ, ಅದು ನಷ್ಟದ ಬಾಬತ್ತು.

ನಾನು ತಗೊಂಡು ಹೋಗಿದ್ದ ಪುಡಿಯಲ್ಲಿ ಚಿಕೋರಿ ಇತ್ತು. ಅವಳು ಅದನ್ನು ಕಪಾಟಿನಲ್ಲಿಟ್ಟು, ನನ್ನ ತಮ್ಮ ಕಳಿಸಿದ್ದ ನಮ್ಮ ತೋಟದ ಅರೇಬಿಕಾ ಬೀಜವನ್ನು ತೆಗೆದಳು. ಈಗ ತೋಟ ನೋಡಿಕೊಳ್ಳುವ ತಮ್ಮ ಹಣ್ಣನ್ನು ಮಾತ್ರ ಆರಿಸಿ ಕೊಯ್ಯಿಸಿ, ಮಂಚದ ಮೇಲೆ ಒಣಗಿಸಿ, ಒಂದಿಷ್ಟನ್ನು ತಾನೇ ಹುರಿಸಿ ಮಾರುತ್ತಾನೆ. ಪೂಲಿನ ಕಾಲದಲ್ಲಿ ಕನಸಿನಲ್ಲೂ ಸಾಧ್ಯವಿರದಿದ್ದ ಕೆಲಸ. “ಅಮ್ಮಾ, ಹಾಲು ಹಾಕಲ್ಲ, ಹಾಗೇ ಒಂದ್ ಗುಟುಕು ಕುಡಿ” ಎಂದು ಮಗಳು ಕೊಟ್ಟಳು. ಕ್ಯಾನಿನ ಮುಚ್ಚಳದಲ್ಲಿ ಕದ್ದು ಕುಡಿಯುತ್ತಿದ್ದ ಕಾಫಿಯದೇ ತಂಪು, ಮಣ್ಣುವಾಸನೆ ಇಲ್ಲ, ಕರಕಲಿಲ್ಲ. ಕಹಿಯ ಹಿಂದೆ ಕಿತ್ತಳೆಯ ಸಿಪ್ಪೆಯಂಥ ಒಂದು ವಾಸನೆ. ಅದೇ ಗುಡ್ಡದ ಬೀಜ ಇದು, ಅಲ್ಲಿ ಹುಟ್ಟಿ ಬೆಳೆದ ನನಗೆ ಅದರ ರುಚಿ ಗೊತ್ತಾದದ್ದು ಅಟ್ಲಾಂಟಿಕ್ ದಾಟಿದ ಮೇಲೆ, ಬಿಸಿಯ ಮುಸುಕು ತೆಗೆದ ಮೇಲೆ. ಸ್ವಲ್ಪ ಸಿಟ್ಟೂ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಹಾಗೆಂದು ಪಕ್ಷ ಬದಲಿಸಿಲ್ಲ. ಇಷ್ಟು ವರ್ಷ ಕುಡಿದ ಮೇಲೆ ನನ್ನ ತೀರ್ಮಾನಗಳು ಇವು. ಒಳ್ಳೆಯ ಬೀಜದ ಕರಿಕಾಫಿಗೆ ಐಸ್ ಹಾಕಬಹುದು. ಚಿಕೋರಿ ಇರುವ, ಹಾಲು ಬೆರೆತ ಫಿಲ್ಟರ್ ಕಾಫಿಗೆ ಹಾಕಬಾರದು. ಹಾಲಿನ ಜಿಡ್ಡು ತಣ್ಣಗಾಗಿ ಅಂಗುಳಕ್ಕೆ ಅಂಟುತ್ತದೆ, ಚಿಕೋರಿಯ ಕಹಿ ಒಂದೇ ಮೇಲೆದ್ದು ನಿಲ್ಲುತ್ತದೆ. ಅದಕ್ಕೆ ಬಿಸಿಯೇ ಬೇಕು, ಎತ್ತಿ ಹೊಯ್ದ ಬಿಸಿ. ಹಾಲಿನ ಚಹಾವೂ ಬಿಸಿಯದೇ, ನಿಂಬೆಯದು ಎರಡೂ ಆದೀತು. ಆರಿದ ಕಾಫಿಯನ್ನು ಮತ್ತೆ ಕಾಯಿಸಿ ಕೊಡುವವರಿಗೆ ಯಾವ ಪಂಗಡದಲ್ಲೂ ಜಾಗವಿಲ್ಲ. ಅದಕ್ಕಿಂತ ನಮ್ಮ ಮನೆಯವರ ಕೆನೆಗಟ್ಟಿದ ಕಾಫಿಯೇ ಮೇಲು, ಇದನ್ನು ಅವರೆದುರು ಹೇಳಿಲ್ಲ. ಅಜ್ಜಿ ಕೆಂಡದ ಮೇಲೆ ಕಾಯಿಸಿ ಕೊಡುತ್ತಿದ್ದುದು ಕಾಫಿಯ ವಿಷಯವಾಗಿರಲಿಲ್ಲ ಎಂದು ಈಚೆಗೆ ನನಗೆ ಅನುಮಾನ.

ನಮ್ಮ ಮನೆಗೆ ಬರುವವರಿಗೆ ಒಂದು ಕೋರಿಕೆ. ಬಾಗಿಲಲ್ಲಿ ನಿಂತು “ಏನೂ ಬೇಡ, ಕಾಫಿ ಸಾಕು” ಎನ್ನಬೇಡಿ. ಹೊರಡುವ ಮೊದಲೇ ಫೋನು ಮಾಡಿ, ಬಿಸಿಯೋ ತಣ್ಣಗೋ ಹೇಳಿಬಿಡಿ. ಡಿಕಾಕ್ಷನ್ ಇಳಿಯಲು ಅರ್ಧ ಗಂಟೆ ಬೇಕು, ಮಗಳ ಕ್ರಮದ ಜಾಡಿಗೆ ಹಿಂದಿನ ರಾತ್ರಿಯೇ ನೀರು ಹಾಕಬೇಕು.